ದೂರಬೋಧನೆಯಲ್ಲಿ ಕಲಿಕೆಯ ನಾಲ್ಕು ಪಾದಗಳು

ಗುರುಶಿಷ್ಯರು ಒಂದೆಡೆ ಕುಳಿತು ನಡೆಸುವ ಅಧ್ಯಯನವೇ ವಿದ್ಯಾಭ್ಯಾಸದ ಸಹಜಕ್ರಮವೆಂಬ ಭಾವನೆ ಬಹುಕಾಲದಿಂದ ಬಂದುದು. ಆದರೆ ಅವರಿಬ್ಬರ ನಡುವೆ ದೇಶದ ಅಂತರವಿದ್ದಾಗಲೂ ಪಾಠಪ್ರವಚನಗಳು ನಡೆಯಬಲ್ಲುವೆಂಬುದು ಕಳೆದ ನೂರೆಂಬತ್ತು ವರ್ಷಗಳಿಂದ ಅನುಭವಕ್ಕೆ ಬಂದಿರುವ ಸಂಗತಿ. ಮೊದಲು ಅಂಚೆ, ಅನಂತರ ರೇಡಿಯೊ ಮತ್ತು ದೂರದರ್ಶನ, ಈಗ ಅಂತರ್ಜಾಲ, ಹೀಗೆ ಪಾಠವನ್ನು ಹೊತ್ತೊಯ್ಯುವ ವಾಹನವು ಕಾಲಕಾಲಕ್ಕೆ ಬದಲಾಗಿದೆ. ಹೊಸ ವಾಹನವೊಂದು ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುವುದುಂಟು. ಇನ್ನು ಮೇಲೆ ಉಪಾಧ್ಯಾಯರ ಅಗತ್ಯವಿಲ್ಲವೆಂಬುದು ಒಂದು. ಈ ಮಾರ್ಗದಲ್ಲಿ ನಿಜವಾದ ವಿದ್ಯೆ ಬರಲಾರದೆಂಬುದು ಮತ್ತೊಂದು. ಇವೆರಡೂ ಅತಿವಾದಗಳು. ಆನ್‌ಲೈನ್ ಶಿಕ್ಷಣವೆಂದು ಈಗ ಕರೆಯಲ್ಪಡುವ ಕ್ರಮದಲ್ಲಿ ಕಲಿಕೆಯು ಯಾವಾಗ ಸಿದ್ಧಿಸುತ್ತದೆ, ಯಾವಾಗ ಸಿದ್ಧಿಸುವುದಿಲ್ಲ, ಅಲ್ಲಿ ಉಪಾಧ್ಯಾಯನ ಕರ್ತವ್ಯವೇನು ಎಂಬುದನ್ನು ದೊರೆತಿರುವ ಆಧಾರಗಳಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಹಳೆಯ ಸುಭಾಷಿತವೊಂದು ಅನುಕೂಲವಾದ ಚೌಕಟ್ಟನ್ನು ಒದಗಿಸುತ್ತದೆ. ಸಂಸ್ಕೃತದಲ್ಲಿ ಪ್ರಸಿದ್ಧವಾಗಿರುವ ಆ ಶ್ಲೋಕದ ತಾತ್ಪರ್ಯವೇನೆಂದರೆ, ಶಿಷ್ಯನು ವಿದ್ಯೆಯ ಒಂದು ಪಾದವನ್ನು ಆಚಾರ್ಯನಿಂದಲೂ, ಒಂದನ್ನು ಸ್ವಬುದ್ಧಿಯಿಂದಲೂ, ಒಂದನ್ನು ಸಹಾಧ್ಯಾಯಿಗಳಿಂದಲೂ, ಇನ್ನೊಂದನ್ನು ಕಾಲಕ್ರಮದಿಂದಲೂ ಪಡೆಯುತ್ತಾನೆ. ಅಂತರ್ಜಾಲವು ತಾನಾಗಿ ಒದಗಿಸುವುದು ಮೊದಲನೆಯ ಪಾದದ ಅರ್ಧವನ್ನು ಮಾತ್ರ. ಎಂದರೆ ಆಚಾರ್ಯನ ವಾಕ್ಯವನ್ನು. ಉಳಿದ ಮೂರೂವರೆ ಪಾದಗಳನ್ನು ಯತ್ನಪೂರ್ವಕವಾಗಿ ಏರ್ಪಡಿಸದಿದ್ದರೆ ಅವು ಉಂಟಾಗುವುದಿಲ್ಲ. ತರಗತಿಯಲ್ಲಿ ಇವು ಅರಿವಿಗೆ ಬಾರದಂತೆ ನಡೆದುಹೋಗುತ್ತವೆ. ಆದುದರಿಂದಲೇ ದೂರಬೋಧನೆಯಲ್ಲಿ ಇವುಗಳ ಲೋಪವೂ ಒಡನೆ ಅರಿವಿಗೆ ಬರುವುದಿಲ್ಲ.

೧. ಪೂರ್ವವೃತ್ತ

ಇಂಗ್ಲೆಂಡಿನಲ್ಲಿ ೧೮೪೦ರಲ್ಲಿ ಒಂದು ಪೆನ್ನಿಯ ಅಂಚೆವೆಚ್ಚದ ಪದ್ಧತಿ ಜಾರಿಗೆ ಬಂದಿತು. ಅದೇ ವರ್ಷ ಐಸಾಕ್ ಪಿಟ್‌ಮನ್ ಎಂಬವರು ತಾವು ನಿರ್ಮಿಸಿದ್ದ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸಲು ತೊಡಗಿದರು. ವಿದ್ಯಾರ್ಥಿಗಳು ಬೈಬಲ್ಲಿನ ಸಣ್ಣ ಭಾಗಗಳನ್ನು ಶೀಘ್ರಲಿಪಿಯಲ್ಲಿ ಬರೆದು ಕಳುಹಿಸುವರು. ಅವು ತಿದ್ದಲ್ಪಟ್ಟು ಅವರಿಗೆ ಹಿಂದಿರುಗುವುವು. ವಿದ್ಯಾರ್ಥಿಗಳ ಸಂಖ್ಯೆ ಬೆಳೆಯಲು, ತಿದ್ದುವ ಕೆಲಸವನ್ನು ವಹಿಸಿಕೊಳ್ಳುವುದಕ್ಕಾಗಿ ೧೮೪೩ರಲ್ಲಿ ಒಂದು ಸಂಘವೇ ಸ್ಥಾಪಿತವಾಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪಾಠವನ್ನು ಕಳುಹಿಸುವುದಕ್ಕೆ ಹೆಚ್ಚಿನ ಜನ ಬೇಕಾಗಲಿಲ್ಲ. ಉತ್ತರವನ್ನು ತಿದ್ದುವುದಕ್ಕೆ ಬೇಕಾಯಿತು. ದೂರಬೋಧನೆಯ ಭಾರವೆಲ್ಲ ಹಿಂದಿರುಗಿ ಬರುವ ಉತ್ತರದಲ್ಲಿದೆಯೆಂಬುದು ಹೀಗೆ ಅದರ ಶೈಶವದಲ್ಲಿಯೇ ತೋರಿಬಂದಿತು.

ಅನಂತರದ ಘಟ್ಟಗಳನ್ನು ಸಂಕ್ಷೇಪವಾಗಿ ಹೇಳಬಹುದು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ೧೯೬೨ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿಯೂ ಅಂಚೆಶಿಕ್ಷಣವನ್ನು ಆರಂಭಿಸಿದುವು. ಮೈಸೂರಿನ ಆ ಸಂಸ್ಥೆಯಿಂದಲೇ ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಉದಯಿಸಿತು. ೧೯೭೫ರ ಆಗಸ್ಟಿನಿಂದ ಒಂದು ವರ್ಷಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ೨೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಪ್ರಸಾರವಾದುವು. ಆ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಆ ಪ್ರಸಾರವು ಏಕಮುಖವಾಗಿತ್ತು; ನೋಡಿದ ಮಗು ಕೇಳಿದ ಪ್ರಶ್ನೆ ಕಲಿಸಿದವರನ್ನು ಮುಟ್ಟುವ ದಾರಿಯಿರಲಿಲ್ಲ. ೨೦೦೪ರಲ್ಲಿ ಶಿಕ್ಷಣಕ್ಕೆಂದೇ ಹಾರಿಸಲ್ಪಟ್ಟ ಎಜುಸ್ಯಾಟ್ ಉಪಗ್ರಹವು ಈ ಕೊರತೆಯನ್ನು ತುಂಬುವ ಉದ್ದೇಶದಿಂದ ಪ್ರಶ್ನೋತ್ತರಗಳಿಗೂ ಅವಕಾಶವನ್ನು ಇಟ್ಟುಕೊಂಡಿತ್ತು. ಈಚೆಗೆ, ೨೦೧೭ರಲ್ಲಿ, ಭಾರತಸರ್ಕಾರವು ಸ್ಥಾಪಿಸಿದ ‘ಸ್ವಯಂ’ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ಪಾಠಕ್ರಮಕ್ಕೂ ನಾಲ್ಕು ಅಂಗಗಳನ್ನು ವಿಧಿಸಲಾಗಿದೆ: ವಿಡಿಯೊ ಉಪನ್ಯಾಸ, ವಾಚನಸಾಮಗ್ರಿ, ಸ್ವಪರೀಕ್ಷೆ, ಸಂದೇಹನಿವಾರಣೆಯ ಚರ್ಚಾವೇದಿಕೆ. ಸುಭಾಷಿತದ ನಾಲ್ಕು ಪಾದಗಳಿಗೂ ಈ ನಾಲ್ಕು ಅಂಗಗಳಿಗೂ ಪೂರ್ಣವಾದ ಸಾಮ್ಯವಿಲ್ಲವಾದರೂ, ಉಪನ್ಯಾಸವೊಂದರಿಂದಲೇ ವಿದ್ಯೆ ಪೂರ್ಣವಾಗದೆಂಬ ತಿಳಿವಳಿಕೆ ಎರಡರಲ್ಲಿಯೂ ಇದೆ.

೨. ಆಚಾರ್ಯಪಾದ

ಬೋಧಸಾಧನಗಳ ವಿಷಯವಾಗಿ ಅಮೆರಿಕದ ರಿಚರ್ಡ್ ಕ್ಲಾರ್ಕ್ ಎಂಬ ವಿದ್ವಾಂಸರು ೧೯೮೩ರಲ್ಲಿ ಒಂದು ಪ್ರಸಿದ್ಧವಾದ ವಾದವನ್ನು ಮುಂದಿಟ್ಟರು. ದಿನಸಿಯನ್ನು ತರುವ ಲಾರಿಯಿಂದ ಊರಿನ ಜನರ ಪುಷ್ಟಿ ಹೇಗೆ ಬದಲಾಗುವುದಿಲ್ಲವೋ, ಹಾಗೆ ಪಾಠವನ್ನು ತರುವ ಸಾಧನದಿಂದ ಕಲಿಕೆ ಬದಲಾಗುವುದಿಲ್ಲವೆಂಬುದು ಅದರ ಸಾರ. ಈ ವಾದಕ್ಕೆ ಪ್ರತಿವಾದಗಳೂ ಹುಟ್ಟಿದುವು. ಆದರೆ ೨೦೧೦ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ದೊರೆತ ಫಲವು ಬಹುಮಟ್ಟಿಗೆ ಇದಕ್ಕೆ ಅನುಗುಣವಾಗಿದೆ. ಅಂತರ್ಜಾಲದಲ್ಲಿ ಕಲಿತವರಿಗೆ, ವಿಶೇಷವಾಗಿ ಅದನ್ನು ತರಗತಿಯೊಡನೆ ಕೂಡಿಸಿ ಕಲಿತವರಿಗೆ, ಸ್ವಲ್ಪ ಮೇಲ್ಮೆ ಕಂಡುಬಂದುದು ನಿಜ. ಆದರೆ ಅವರಿಗೆ ಹೆಚ್ಚಿನ ಕಾಲವೂ ಹೆಚ್ಚಿನ ಸಾಮಗ್ರಿಯೂ ದೊರೆತಿದ್ದುವಾದುದರಿಂದ ಆ ಮೇಲ್ಮೆಯನ್ನು ಸಾಧನಕ್ಕೆ ಆರೋಪಿಸಲಾಗದೆಂದು ಆ ವರದಿಯೇ ಎಚ್ಚರಿಸುತ್ತದೆ.

ಹಾಗಾದರೆ ಆಚಾರ್ಯನ ವಾಕ್ಯವು ಹೇಗಿರಬೇಕು? ೨೦೧೪ರಲ್ಲಿ ಗುವೊ, ಕಿಮ್, ರೂಬಿನ್ ಎಂಬವರು ಅರುವತ್ತೊಂಬತ್ತು ಲಕ್ಷ ವಿಡಿಯೊ ವೀಕ್ಷಣೆಗಳ ದಾಖಲೆಗಳನ್ನು ಪರಿಶೀಲಿಸಿ, ವಿಡಿಯೊ ಎಷ್ಟೇ ದೀರ್ಘವಾಗಿದ್ದರೂ ನೋಡುವವರು ಸಾಮಾನ್ಯವಾಗಿ ಆರು ನಿಮಿಷಗಳಿಗಿಂತ ಹೆಚ್ಚು ಕಾಲ ನಿಲ್ಲುವುದಿಲ್ಲವೆಂದು ಕಂಡರು. ಇದರಿಂದ ಆರು ನಿಮಿಷಗಳಲ್ಲಿ ಎಲ್ಲವನ್ನೂ ಹೇಳಿ ಮುಗಿಸಬೇಕೆಂದು ತೀರ್ಮಾನಿಸುವುದು ಯುಕ್ತವಲ್ಲ. ಅವರು ಅಳೆದುದು ವೀಕ್ಷಣೆಯನ್ನೇ ಹೊರತು ಕಲಿಕೆಯನ್ನಲ್ಲ. ಒಂದು ಗಂಟೆಯ ಉಪನ್ಯಾಸವನ್ನು ಹಾಗೆಯೇ ಮುದ್ರಿಸಿ ಕಳುಹಿಸುವುದಕ್ಕಿಂತ, ಒಂದೊಂದು ಭಾವಕ್ಕೆ ಒಂದೊಂದು ಖಂಡವೆಂಬಂತೆ ವಿಭಾಗಿಸಿ ಕೊಡುವುದು ಲೇಸೆಂದು ಮಾತ್ರ ಹೇಳಬಹುದು.

ಆಚಾರ್ಯಪಾದದ ಉತ್ತರಾರ್ಧವು ತಿದ್ದುಪಡಿ. ತರಗತಿಯಲ್ಲಿ ಶಿಷ್ಯನ ಮುಖವನ್ನು ನೋಡಿಯೇ ಉಪಾಧ್ಯಾಯನು ಮಾತನ್ನು ಹಿಂದಕ್ಕೆ ಮುಂದಕ್ಕೆ ಒಯ್ಯುತ್ತಾನೆ. ದೂರದಲ್ಲಿರುವ ಶಿಷ್ಯನಿಗೆ ಆ ಉಪಕಾರವು ಬರಹದ ತಿದ್ದುಪಡಿಯಿಂದ ಮಾತ್ರ ಸಲ್ಲುತ್ತದೆ. ನಾರ್ವೆ ದೇಶದಲ್ಲಿ ರೆಕೆದಾಲ್ ಎಂಬವರು ಅಂಚೆಶಿಕ್ಷಣದ ವಿಷಯದಲ್ಲಿ ನಡೆಸಿದ ಪ್ರಯೋಗದಲ್ಲಿ, ತಿದ್ದಿದ ಉತ್ತರಗಳು ಬೇಗನೆ ಹಿಂದಿರುಗಿದಾಗ ವ್ಯಾಸಂಗವನ್ನು ಮುಂದುವರಿಸಿದವರ ಸಂಖ್ಯೆ ಹೆಚ್ಚಾಯಿತು. ಮೈಕೆಲ್ ಮೂರ್ ಎಂಬ ಶಿಕ್ಷಣತಜ್ಞರು ೧೯೭೦ರ ದಶಕದಲ್ಲಿ ಮಂಡಿಸಿದ ಸಿದ್ಧಾಂತವೂ ಇದನ್ನೇ ಬೇರೊಂದು ರೀತಿಯಲ್ಲಿ ಹೇಳುತ್ತದೆ. ಅವರ ಮತದಲ್ಲಿ ದೂರಶಿಕ್ಷಣದ ‘ದೂರ’ವು ಹರದಾರಿಗಳ ಲೆಕ್ಕವಲ್ಲ. ಸಂವಾದವು ಕಡಮೆಯಾದಷ್ಟೂ ದೂರವು ಹೆಚ್ಚುತ್ತದೆ. ಒಂದೇ ಕೊಠಡಿಯಲ್ಲಿ ಮುನ್ನೂರು ಮಂದಿಗೆ ಉಪನ್ಯಾಸ ಮಾಡಿ ಹೊರಟುಹೋಗುವ ಅಧ್ಯಾಪಕನು ಶಿಷ್ಯರಿಂದ ದೂರವಿರಬಹುದು. ಪ್ರತಿವಾರವೂ ಶಿಷ್ಯನ ಬರಹವನ್ನು ತಿದ್ದಿ ಕಳುಹಿಸುವವನು ಬೇರೊಂದು ಊರಿನಲ್ಲಿದ್ದರೂ ಹತ್ತಿರವಿದ್ದಾನು.

೩. ಸ್ವಬುದ್ಧಿಯ ಪಾದ

ಪಾಠವನ್ನು ಕೇಳಿದಾಗ ‘ತಿಳಿಯಿತು’ ಎಂಬ ಭಾವನೆ ಸುಲಭವಾಗಿ ಉಂಟಾಗುತ್ತದೆ. ಈ ಭಾವನೆಯನ್ನು ನಂಬಲಾಗದೆಂಬುದಕ್ಕೆ ಸ್ಪಷ್ಟವಾದ ಪ್ರಮಾಣಗಳಿವೆ. ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗಗಳನ್ನು ಕೊಟ್ಟರು. ಕೆಲವು ಭಾಗಗಳನ್ನು ಎರಡು ಸಲ ಓದಿಸಿದರು; ಕೆಲವನ್ನು ಒಂದು ಸಲ ಓದಿಸಿ, ಪುಸ್ತಕವನ್ನು ಮುಚ್ಚಿ ನೆನಪಿನಿಂದ ಬರೆಯಿಸಿದರು. ಐದು ನಿಮಿಷಗಳ ತರುವಾಯ ಪರೀಕ್ಷಿಸಲಾಗಿ, ಎರಡು ಸಲ ಓದಿದ ಭಾಗದಲ್ಲಿ ಸೇಕಡಾ ೮೧ರಷ್ಟೂ ಬರೆದ ಭಾಗದಲ್ಲಿ ೭೫ರಷ್ಟೂ ನೆನಪಿತ್ತು. ಒಂದು ವಾರ ಕಳೆದ ಮೇಲೆ ಸ್ಥಿತಿಯು ತಲೆಕೆಳಗಾಯಿತು: ಓದಿದ್ದರಲ್ಲಿ ಸೇಕಡಾ ೪೨, ಬರೆದಿದ್ದರಲ್ಲಿ ೫೬. ಪರೀಕ್ಷೆಯು ಕಲಿತುದನ್ನು ಅಳೆಯುವ ಕೋಲು ಮಾತ್ರವಲ್ಲ, ಕಲಿಕೆಯ ಸಾಧನವೂ ಹೌದೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ತತ್ತ್ವವು ಅಂತರ್ಜಾಲದ ಪಾಠಕ್ಕೂ ಅನ್ವಯಿಸುತ್ತದೆ. ೨೦೧೩ರಲ್ಲಿ ಸ್ಪುನಾರ್ ಮೊದಲಾದವರು ಇಪ್ಪತ್ತೊಂದು ನಿಮಿಷಗಳ ವಿಡಿಯೊ ಉಪನ್ಯಾಸವೊಂದನ್ನು ನಾಲ್ಕು ಖಂಡಗಳಾಗಿ ಮಾಡಿ, ಒಂದು ಗುಂಪಿಗೆ ಪ್ರತಿಯೊಂದು ಖಂಡದ ಕೊನೆಯಲ್ಲಿಯೂ ಕಿರುಪರೀಕ್ಷೆಯನ್ನು ಕೊಟ್ಟರು. ಆ ಗುಂಪಿನವರ ಮನಸ್ಸು ಬೇರೆಡೆಗೆ ಹರಿದುದು ಇತರರಿಗಿಂತ ಸುಮಾರು ಅರ್ಧದಷ್ಟು ಕಡಮೆ. ಕೊನೆಯ ಪರೀಕ್ಷೆಯಲ್ಲಿಯೂ ಅವರೇ ಮೇಲಾದರು. ೨೦೧೫ರಲ್ಲಿ ಕೋಡಿಂಗರ್ ಮೊದಲಾದವರು ಮನಶ್ಶಾಸ್ತ್ರದ ಪಾಠಕ್ರಮವೊಂದನ್ನು ಪರಿಶೀಲಿಸಿ, ಅಭ್ಯಾಸಗಳನ್ನು ಮಾಡುವುದರಿಂದ ದೊರೆಯುವ ಲಾಭವು ವಿಡಿಯೊ ನೋಡುವುದರಿಂದ ಅಥವಾ ಓದುವುದರಿಂದ ದೊರೆಯುವುದಕ್ಕಿಂತ ಆರು ಪಟ್ಟು ಹೆಚ್ಚೆಂದು ಗಣಿಸಿದರು.

ಈ ಪಾದಕ್ಕೆ ಈಚೆಗೆ ಹೊಸದೊಂದು ಅಪಾಯವೂ ಒದಗಿದೆ. ೨೦೨೨ರ ಕೊನೆಯಿಂದ ಬಳಕೆಗೆ ಬಂದಿರುವ ಕೃತಕಬುದ್ಧಿಯ ಯಂತ್ರಗಳು ಕೇಳಿದ ಪ್ರಶ್ನೆಗೆ ಒಡನೆಯೇ ಉತ್ತರವನ್ನು ಬರೆದುಕೊಡುತ್ತವೆ. ತುರ್ಕಿ ದೇಶದ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆದು ೨೦೨೫ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಂತಹ ಯಂತ್ರದ ನೆರವಿನಿಂದ ಗಣಿತದ ಅಭ್ಯಾಸಗಳಲ್ಲಿ ಅಂಕಗಳು ಸೇಕಡಾ ೪೮ರಷ್ಟು ಹೆಚ್ಚಿದುವು; ಯಂತ್ರವನ್ನು ಹಿಂತೆಗೆದುಕೊಂಡು ಪರೀಕ್ಷಿಸಿದಾಗ, ನೆರವೇ ಇಲ್ಲದೆ ಕಲಿತವರಿಗಿಂತ ಸೇಕಡಾ ೧೭ರಷ್ಟು ಕಡಮೆಯಾದುವು. ಉತ್ತರವನ್ನು ಕೊಡದೆ ಸೂಚನೆಗಳನ್ನು ಮಾತ್ರ ಕೊಡುವಂತೆ ಅದೇ ಯಂತ್ರವನ್ನು ಏರ್ಪಡಿಸಿದಾಗ ಈ ಹಾನಿಯು ಬಹುಮಟ್ಟಿಗೆ ನಿವಾರಣೆಯಾಯಿತು. ಶಿಷ್ಯನು ಮಾಡಬೇಕಾದ ಯತ್ನವನ್ನು ಬೇರೊಬ್ಬರು ಮಾಡಿಕೊಟ್ಟರೆ ಬರಹವು ಸುಂದರವಾದೀತು, ಬುದ್ಧಿಯು ಬೆಳೆಯದು.

೪. ಸಹಾಧ್ಯಾಯಿಗಳ ಪಾದ

ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯು ೨೦೧೨ರಲ್ಲಿ ವಿದ್ಯುನ್ಮಂಡಲಗಳನ್ನು ಕುರಿತು ಎಲ್ಲರಿಗೂ ಉಚಿತವಾದ ಪಾಠಕ್ರಮವನ್ನು ಅಂತರ್ಜಾಲದಲ್ಲಿ ನಡೆಸಿತು. ಹೆಸರು ನೋಂದಾಯಿಸಿದವರು ೧,೫೪,೭೬೩. ಪ್ರಮಾಣಪತ್ರವನ್ನು ಪಡೆದವರು ೭,೧೫೭. ಇಲ್ಲಿ ಸೋಲಿನ ಲೆಕ್ಕವನ್ನು ಮಾತ್ರ ಎಣಿಸುವುದು ನ್ಯಾಯವಲ್ಲ. ಕುತೂಹಲದಿಂದ ಹೆಸರು ಕೊಟ್ಟವರೂ ಬಹುಮಂದಿ ಇರುತ್ತಾರೆ, ಮತ್ತು ಏಳು ಸಾವಿರ ಮಂದಿಯನ್ನು ಒಟ್ಟಿಗೆ ತೇರ್ಗಡೆಮಾಡುವುದು ಸಣ್ಣ ಸಾಧನೆಯಲ್ಲ. ಆದರೂ ಒಂದು ಸಂಗತಿ ವಿಚಾರಾರ್ಹವಾಗಿದೆ. ಆ ವಿದ್ಯಾರ್ಥಿಗಳೊಳಗೆ, ಜಾಲದ ಹೊರಗೆ ಇನ್ನೊಬ್ಬರೊಡನೆ ಕೂಡಿ ಅಭ್ಯಾಸಮಾಡಿದವರು ಒಂಟಿಯಾಗಿ ಓದಿದವರಿಗಿಂತ ಹೆಚ್ಚಿನ ಅಂಕಗಳನ್ನು ಗಳಿಸಿದ್ದರು. ಲಕ್ಷಜನರ ನಡುವೆ ಇರುವುದರಿಂದ ಸಹಾಧ್ಯಾಯಿಗಳು ದೊರೆತಂತಾಗುವುದಿಲ್ಲ. ಹೆಸರು ಹಿಡಿದು ಪ್ರಶ್ನೆ ಕೇಳುವ ನಾಲ್ಕಾರು ಮಂದಿ ಇದ್ದರೆ ಆಗುತ್ತದೆ.

ಆದಕಾರಣ ಬೋಧಕನು ಸಣ್ಣ ಗುಂಪುಗಳನ್ನು ತಾನೇ ರಚಿಸಿ, ಅವುಗಳಿಗೆ ಖಚಿತವಾದ ಕೆಲಸವನ್ನು ಒಪ್ಪಿಸತಕ್ಕದ್ದು. ‘ಚರ್ಚಿಸಿರಿ’ ಎಂದಷ್ಟೇ ಹೇಳಿದರೆ ಚರ್ಚೆ ನಡೆಯುವುದಿಲ್ಲ. ಒಬ್ಬರ ಉತ್ತರವನ್ನು ಇನ್ನೊಬ್ಬರು ಓದಿ, ಅದರಲ್ಲಿ ಒಪ್ಪತಕ್ಕ ಒಂದು ಮಾತನ್ನೂ ಒಪ್ಪಲಾಗದ ಒಂದು ಮಾತನ್ನೂ ಕಾರಣಸಹಿತವಾಗಿ ಬರೆಯಬೇಕೆಂದು ವಿಧಿಸಿದರೆ ಚರ್ಚೆ ತಾನಾಗಿ ಹುಟ್ಟುತ್ತದೆ.

೫. ಕಾಲಪಾದ

ಕಲಿತುದು ಮರೆತುಹೋಗುವ ವೇಗವನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ೧೮೮೫ರಲ್ಲಿಯೇ ಅಳೆದು ತೋರಿಸಿದರು. ಒಂದೇ ದಿನ ಹಲವು ಸಲ ಓದುವುದಕ್ಕಿಂತ ಹಲವು ದಿನಗಳಲ್ಲಿ ಹಂಚಿ ಓದುವುದು ಹೆಚ್ಚು ಫಲಕಾರಿಯೆಂಬುದು ಅಂದಿನಿಂದ ಮತ್ತೆಮತ್ತೆ ದೃಢಪಟ್ಟಿದೆ. ತರಗತಿಯಲ್ಲಿ ಈ ಹಂಚಿಕೆಯನ್ನು ವೇಳಾಪಟ್ಟಿಯೇ ಮಾಡಿಕೊಡುತ್ತದೆ. ಗಂಟೆ ಬಾರಿಸಿದಾಗ ಪಾಠ ನಿಲ್ಲುತ್ತದೆ, ಮರುದಿನ ಮುಂದುವರಿಯುತ್ತದೆ. ‘ಯಾವಾಗ ಬೇಕಾದರೂ ಕಲಿಯಬಹುದು’ ಎಂಬುದು ಜಾಲಶಿಕ್ಷಣದ ಹಿರಿಮೆಯೆಂದು ಸಾರಲಾಗುತ್ತದೆ. ಆದರೆ ಯಾವಾಗ ಬೇಕಾದರೂ ಮಾಡಬಹುದಾದ ಕೆಲಸವು ಇಂದು ಮಾಡಬೇಕಾದ ಕೆಲಸಗಳ ಹಿಂದೆ ಸರಿಯುತ್ತ ಹೋಗುವುದು ಲೋಕಾನುಭವ. ಹಾರ್ವರ್ಡ್ ಮತ್ತು ಮಸಾಚುಸೆಟ್ಸ್ ಸಂಸ್ಥೆಗಳ ಉಚಿತ ಪಾಠಕ್ರಮಗಳ ದಾಖಲೆಗಳನ್ನು ೨೦೧೯ರಲ್ಲಿ ಪರಿಶೀಲಿಸಿದ ರೀಚ್ ಮತ್ತು ರುಯಿಪೆರೆಜ್-ವ್ಯಾಲಿಯೆಂಟೆ ಅವರು, ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾಠದ ಒಳಕ್ಕೆ ಕಾಲಿಡಲೇ ಇಲ್ಲವೆಂದು ತೋರಿಸಿದ್ದಾರೆ.

ಭಾರತದ ತಾಂತ್ರಿಕ ಸಂಸ್ಥೆಗಳೂ ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್ ಪಾಠಕ್ರಮಗಳಲ್ಲಿ ವಾರವಾರವೂ ಅಭ್ಯಾಸಗಳಿಗೆ ಗಡುವಿದ್ದು, ಪ್ರಮಾಣಪತ್ರ ಬೇಕಾದವರು ಕೊನೆಯಲ್ಲಿ ಪರೀಕ್ಷಾಕೇಂದ್ರಕ್ಕೆ ಹೋಗಿ ಬರೆಯಬೇಕೆಂಬ ನಿಯಮವನ್ನು ಇಟ್ಟಿರುವುದು ಈ ದೃಷ್ಟಿಯಿಂದ ಉಚಿತವಾಗಿದೆ. ಗಡುವು ನಿರ್ಬಂಧವಾಗಿ ತೋರಿದರೂ, ಒಂಟಿಯಾಗಿ ಓದುವವನಿಗೆ ಅದು ಶಾಲೆಯ ಗಂಟೆಯ ಸ್ಥಾನದಲ್ಲಿ ನಿಲ್ಲುತ್ತದೆ.

೬. ಸಾಂಕ್ರಾಮಿಕಕಾಲದ ಸಾಕ್ಷ್ಯ

೨೦೨೦ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ರೋಗದ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟುವು. ಫೋನು, ಜಾಲಸಂಪರ್ಕ ಉಳ್ಳವರಿಗೆ ಪಾಠವು ಜಾಲದ ಮೂಲಕ ಬಂದಿತು. ದೂರದರ್ಶನದ ಚಂದನ ವಾಹಿನಿಯೂ ಪಾಠಗಳನ್ನು ಪ್ರಸಾರಮಾಡಿತು. ಆ ವರ್ಷದ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರವು ‘ವಿದ್ಯಾಗಮ’ವೆಂಬ ಯೋಜನೆಯನ್ನು ಆರಂಭಿಸಿತು. ಅದರಂತೆ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಮಕ್ಕಳಿದ್ದಲ್ಲಿಗೆ ತಾವೇ ಹೋಗಿ, ಗುಡಿಯ ಅಂಗಳದಲ್ಲಿಯೂ ಮರದ ನೆರಳಿನಲ್ಲಿಯೂ ಸಣ್ಣ ಸಣ್ಣ ಗುಂಪುಗಳಿಗೆ ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಕೆಲವೇ ವಾರಗಳ ಆ ಯೋಜನೆಯು ಒಂದು ತತ್ತ್ವವನ್ನು ಎತ್ತಿಹಿಡಿಯಿತು: ಜಾಲವು ಮುಟ್ಟದ ಕಡೆಗಳಲ್ಲಿ ಮಾತ್ರವಲ್ಲದೆ, ಮುಟ್ಟಿದ ಕಡೆಗಳಲ್ಲಿಯೂ ಮಗುವಿನ ಬರಹವನ್ನು ನೋಡಿ ತಿದ್ದುವವರು ಬೇಕಾಗಿತ್ತು.

೨೦೨೧ರ ಆರಂಭದಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ೧,೧೩೭ ಸರ್ಕಾರಿ ಶಾಲೆಗಳ ೧೬,೦೬೭ ಮಕ್ಕಳನ್ನು ಕುರಿತು ನಡೆಸಿದ ಪರಿಶೀಲನೆಯ ಫಲವು ಗಂಭೀರವಾಗಿದೆ. ಹಿಂದಿನ ವರ್ಷ ತಮಗಿದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡ ಮಕ್ಕಳು ಸೇಕಡಾ ೯೨. ಗಣಿತದಲ್ಲಿ ಸೇಕಡಾ ೮೨. ಗಣಿತಕ್ಕಿಂತ ಭಾಷೆಯಲ್ಲಿ ನಷ್ಟವು ಹೆಚ್ಚಾಗಿರುವುದನ್ನು ಭಾಷೋಪಾಧ್ಯಾಯರು ಲಕ್ಷಿಸಬೇಕು. ಮನೆಯಲ್ಲಿ ದಿನವೂ ಆಡುವ ಭಾಷೆಯೇ ಆದರೂ ಓದು, ಬರಹ, ಗ್ರಹಿಕೆಗಳು ಆಡುವುದರಿಂದ ಮಾತ್ರ ಉಳಿಯುವುದಿಲ್ಲ. ಓದಿದುದನ್ನು ಇನ್ನೊಬ್ಬರ ಮುಂದೆ ಹೇಳಿ, ಬರೆದುದನ್ನು ಇನ್ನೊಬ್ಬರಿಗೆ ತೋರಿಸಿ ಉಳಿಸಿಕೊಳ್ಳಬೇಕಾದುವು ಅವು.

೭. ಕಾವ್ಯಬೋಧನೆಗೆ ಅನ್ವಯ

ಮೇಲಿನ ತತ್ತ್ವಗಳು ಹಳಗನ್ನಡ ನಡುಗನ್ನಡ ಕಾವ್ಯಗಳ ಬೋಧನೆಗೆ ಹೇಗೆ ಸಲ್ಲುತ್ತವೆಯೆಂಬುದನ್ನು ಇನ್ನು ನೋಡಬಹುದು. ಪಂಪನ ವಿಕ್ರಮಾರ್ಜುನವಿಜಯದ ಒಂದು ಪದ್ಯವನ್ನು ವಿಡಿಯೊ ಉಪನ್ಯಾಸದಲ್ಲಿ ವಾಚಿಸಿ, ಪದವಿಭಾಗ ಮಾಡಿ, ಅನ್ವಯಿಸಿ, ಭಾವವನ್ನು ವಿವರಿಸುವುದು ರೂಢಿಯ ಕ್ರಮ. ಕೇಳುವವನಿಗೆ ಎಲ್ಲವೂ ತಿಳಿದಂತೆ ತೋರುತ್ತದೆ. ಮುಂದಿನ ಪದ್ಯವನ್ನು ತಾನೇ ಬಿಡಿಸಲು ಕುಳಿತಾಗ ಕೈ ನಡೆಯುವುದಿಲ್ಲ. ಕ್ರಮವನ್ನು ತಿರುಗಿಸುವುದು ಮೇಲು. ಪದ್ಯವನ್ನು ಮೊದಲು ಕೊಟ್ಟು, ಸಂಧಿಗಳನ್ನು ಬಿಡಿಸಿ ಗದ್ಯಾನ್ವಯವನ್ನು ಬರೆದು ಕಳುಹಿಸಲು ಹೇಳಿ, ಬಂದ ಉತ್ತರಗಳಲ್ಲಿ ಸಾಮಾನ್ಯವಾಗಿ ಕಂಡ ತಪ್ಪುಗಳನ್ನು ಕುರಿತೇ ಉಪನ್ಯಾಸವನ್ನು ರಚಿಸಿದರೆ, ಅದೇ ಹತ್ತು ನಿಮಿಷಗಳ ಮಾತು ಶಿಷ್ಯನ ಪ್ರಶ್ನೆಗೆ ಉತ್ತರವಾಗಿ ಪರಿಣಮಿಸುತ್ತದೆ.

ಯಂತ್ರಕ್ಕೆ ಬಿಡತಕ್ಕುದಾವುದು, ಉಪಾಧ್ಯಾಯನೇ ಮಾಡತಕ್ಕುದಾವುದು ಎಂಬ ವಿವೇಕವೂ ಅವಶ್ಯಕ. ಭಾಮಿನೀಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು ಎರಡಾವೃತ್ತಿ ಬಂದು ಹದಿನಾಲ್ಕು ಮಾತ್ರೆಗಳಾಗುತ್ತವೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರಾವೃತ್ತಿ ಬಂದು, ಕೊನೆಯ ಗುರುವೂ ಸೇರಿ ಇಪ್ಪತ್ತುಮೂರಾಗುತ್ತವೆ. ಈ ನಿಯಮವು ಖಚಿತವಾದುದರಿಂದ ಪ್ರಸ್ತಾರದ ಅಭ್ಯಾಸವನ್ನು ಗಣಕಯಂತ್ರವೇ ತಪ್ಪಿಲ್ಲದೆ, ಒಡನೆಯೇ, ಎಷ್ಟು ಸಲ ಬೇಕಾದರೂ ಪರೀಕ್ಷಿಸಬಲ್ಲದು. ಅಂತಹ ಕೆಲಸದಿಂದ ಉಪಾಧ್ಯಾಯನಿಗೆ ಉಳಿಯುವ ಹೊತ್ತನ್ನು, ಕರ್ಣನ ವಿಷಯದಲ್ಲಿ ಪಂಪನ ಅಭಿಮಾನವು ಯಾವ ಶಬ್ದಗಳಲ್ಲಿ ವ್ಯಕ್ತವಾಗುತ್ತದೆಂಬಂತಹ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ತಿದ್ದಲು ವಿನಿಯೋಗಿಸಬೇಕು.

ಗಮಕವಾಚನದಲ್ಲಿ ಮತ್ತೊಂದು ತೊಡಕಿದೆ. ಜಾಲದಲ್ಲಿ ಧ್ವನಿಯು ಕ್ಷಣಮಾತ್ರ ತಡವಾಗಿ ತಲಪುವುದರಿಂದ ಹಲವರು ಒಟ್ಟಿಗೆ ದನಿಗೂಡಿಸಿ ಹೇಳುವುದು ಸಾಧ್ಯವಾಗುವುದಿಲ್ಲ. ಒಬ್ಬರ ಪದ ಇನ್ನೊಬ್ಬರ ಪದದ ಮೇಲೆ ಬೀಳುತ್ತದೆ. ಗುರುವು ಕುಮಾರವ್ಯಾಸನ ಪದ್ಯವೊಂದನ್ನು ಹಾಡಿ ಧ್ವನಿಮುದ್ರಿಸಿ ಕಳುಹಿಸುವುದು, ಶಿಷ್ಯನು ಅದನ್ನು ಕೇಳಿ ತಾನು ಹಾಡಿದುದನ್ನು ಮುದ್ರಿಸಿ ಹಿಂದಕ್ಕೆ ಕಳುಹಿಸುವುದು, ಗುರುವು ಎಲ್ಲಿ ಅರ್ಥಕ್ಕೆ ಭಂಗಬರುವಂತೆ ನಿಲ್ಲಿಸಲಾಯಿತೆಂಬುದನ್ನು ಗುರುತಿಸಿ ತಿಳಿಸುವುದು, ಇದು ಉಚಿತವಾದ ಮಾರ್ಗ. ಇದರಲ್ಲಿ ಶಿಷ್ಯನಿಗೆ ತನ್ನ ದನಿಯನ್ನು ತಾನೇ ಕೇಳುವ ಲಾಭವೂ ಇದೆ. ತರಗತಿಯ ಸಮೂಹವಾಚನದಲ್ಲಿ ಆ ಲಾಭ ದೊರೆಯದು. ಒಂದು ತಿಂಗಳ ಬಳಿಕ ಅದೇ ಪದ್ಯವನ್ನು ಪುಸ್ತಕವಿಲ್ಲದೆ ಮತ್ತೆ ಹೇಳಿಸಿದರೆ ಕಾಲಪಾದವೂ ಸಂದಂತಾಯಿತು.

೮. ಉಪಸಂಹಾರ

ಈ ಕ್ರಮಕ್ಕೆ ಒಂದು ಆಕ್ಷೇಪವು ಬರಬಹುದು. ಪ್ರತಿಯೊಬ್ಬನ ಉತ್ತರವನ್ನೂ ತಿದ್ದುವುದಾದರೆ ಒಬ್ಬ ಉಪಾಧ್ಯಾಯನು ಸಾವಿರ ಮಂದಿಗೆ ಕಲಿಸುವುದು ಹೇಗೆ, ಜಾಲಶಿಕ್ಷಣದ ಮಿತವ್ಯಯವೆಲ್ಲಿ ಉಳಿಯಿತು ಎಂದು. ಆಕ್ಷೇಪವು ಯುಕ್ತವಾದುದೇ. ಒಬ್ಬನ ಉಪನ್ಯಾಸವು ಸಾವಿರ ಮಂದಿಯನ್ನು ಮುಟ್ಟಬಲ್ಲದು. ಒಬ್ಬನ ತಿದ್ದುಪಡಿಯು ಮುಟ್ಟಲಾರದು. ೧೮೪೩ರಲ್ಲಿ ಪಿಟ್‌ಮನ್ನರ ಶಿಷ್ಯರಿಗಾಗಿ ಸಂಘವೊಂದು ಹುಟ್ಟಬೇಕಾಗಿ ಬಂದುದು ಇದೇ ಕಾರಣದಿಂದ. ಉಪನ್ಯಾಸದಲ್ಲಿ ಉಳಿತಾಯವಾದ ವೆಚ್ಚವನ್ನು ತಿದ್ದುವವರಿಗಾಗಿ ವಿನಿಯೋಗಿಸುವ ಸಂಸ್ಥೆಯು ದೂರಬೋಧನೆಯನ್ನು ನಡೆಸುತ್ತದೆ. ಅದನ್ನು ಉಳಿತಾಯವೆಂದೇ ಎಣಿಸುವ ಸಂಸ್ಥೆಯು ದೂರಪ್ರಸಾರವನ್ನು ಮಾತ್ರ ನಡೆಸುತ್ತದೆ. ಇವೆರಡರ ವ್ಯತ್ಯಾಸದಿಂದ ಹೆಚ್ಚಾಗಿ ಬಾಧೆಪಡುವವರು, ಮನೆಯಲ್ಲಿ ಕೇಳಲು ಬೇರೆ ಯಾರೂ ಇಲ್ಲದ ವಿದ್ಯಾರ್ಥಿಗಳು. ಅನುಕೂಲವುಳ್ಳವರು ತಮಗೆ ಬೇಕಾದ ಉಳಿದ ಪಾದಗಳನ್ನು ಬೇರೆ ಕಡೆಯಿಂದ ತುಂಬಿಕೊಳ್ಳುತ್ತಾರೆ.

ಆದುದರಿಂದ ಜಾಲದ ಮೂಲಕ ಕಲಿಸುವ ಉಪಾಧ್ಯಾಯನು ಪ್ರತಿಯೊಂದು ಪಾಠವನ್ನು ಸಿದ್ಧಪಡಿಸುವಾಗಲೂ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಒಳ್ಳೆಯದು: ಇದಕ್ಕೆ ಬರುವ ಉತ್ತರವನ್ನು ಯಾರು, ಎಷ್ಟು ದಿನಗಳೊಳಗೆ ತಿದ್ದುವರು? ಶಿಷ್ಯನು ಪುಸ್ತಕವನ್ನು ಮುಚ್ಚಿ ಸ್ವಂತವಾಗಿ ಮಾಡಬೇಕಾದುದೇನು? ಅವನು ಯಾರೊಡನೆ ಕೂಡಿ ಓದುವನು? ಇದೇ ವಿಷಯವು ಅವನಿಗೆ ಮತ್ತೆ ಎಂದು ಎದುರಾಗುವುದು? ಈ ನಾಲ್ಕಕ್ಕೂ ಸ್ಪಷ್ಟವಾದ ಉತ್ತರವಿದ್ದರೆ ಅಂಚೆಯ ಚೀಟಿಯಿಂದಲೂ ವಿದ್ಯೆ ಬರುತ್ತದೆ. ಇಲ್ಲದಿದ್ದರೆ ಎಂತಹ ಜಾಲದಿಂದಲೂ ಬರುವುದು ಕಷ್ಟ.